ಮಳೆಗಾಲದ ಹಳ್ಳಕ್ಕೆ, ಜಾರುವ ಬಂಡೆಗೆ ಎಂಥ ಶೂ ಮಾಡಬೇಕು? ಅನುಭವ ಇದ್ದವರು ಹೇಳಿ

ಕೇಳಿದ್ದು:
ನಾನು ಪಾದರಕ್ಷೆ ವಿನ್ಯಾಸ ಕಲಿಯುತ್ತಿದ್ದೇನೆ. ಕೊನೆಯ ವರ್ಷದ ಕೆಲಸಕ್ಕೆ ಮಲೆನಾಡಿನ ಮಳೆಗಾಲಕ್ಕೆ ಒಗ್ಗುವ ಶೂ ಮಾಡಬೇಕು ಅಂತಿದ್ದೇನೆ. ಕುದುರೆಮುಖ, ಕೊಡಚಾದ್ರಿ ಕಡೆ ಓಡಾಡುವವರು ದಯವಿಟ್ಟು ಹೇಳಿ. ವಾಟರ್‌ಪ್ರೂಫ್ ಪದರ ಹಾಕಿ, ಅಟ್ಟೆಗೆ ಆಳವಾದ ಹಲ್ಲು ಕೊಡೋಣ ಅಂತ ನನ್ನ ಯೋಚನೆ. ಸರಿಯಾ?

ಚಾರಣಕ್ಕೆ ಜನರನ್ನು ಕರೆದೊಯ್ಯುವವರೊಬ್ಬರು:
ವಾಟರ್‌ಪ್ರೂಫ್ ಪದರ ಬೇಡ. ಹಳ್ಳದಲ್ಲಿ ನೀರು ಮೊಣಕಾಲಿಗೆ ಬಂದರೆ ಶೂ ಬಾಯಿಯಿಂದಲೇ ಒಳಗೆ ಇಳಿಯುತ್ತದೆ. ಆಮೇಲೆ ಆ ಪದರ ನೀರನ್ನು ಹೊರಗೆ ಬಿಡುವುದಿಲ್ಲ. ದಿನವಿಡೀ ಪಚಕ್ ಪಚಕ್. ಸಂಜೆ ಸಾಕ್ಸ್ ತೆಗೆದರೆ ಅಂಗಾಲು ಬೆಳ್ಳಗೆ ಸುಕ್ಕುಗಟ್ಟಿರುತ್ತದೆ, ಚರ್ಮ ಸುಲಭವಾಗಿ ಕಿತ್ತು ಬರುತ್ತದೆ. ನನಗೇ ಹೀಗಾಗಿ ಎರಡು ದಿನ ಕಾಲೂರಲು ಆಗಿರಲಿಲ್ಲ.

ಬಂದ ನೀರು ಹತ್ತು ಹೆಜ್ಜೆಯೊಳಗೆ ಹೋಗಬೇಕು. ಬೆರಳ ಬುಡದ ಎರಡೂ ಪಕ್ಕ, ಅಂಗಾಲಿನ ಕಮಾನಿನ ಹತ್ತಿರ ಕಿಂಡಿ ಇಟ್ಟು ಜಾಲರಿ ಹಾಕಿ. ಕಣ್ಣು ದೊಡ್ಡದಾದರೆ ಮರಳು ನುಗ್ಗುತ್ತದೆ, ತೀರಾ ಸಣ್ಣದಾದರೆ ಕೆಸರು ಕಟ್ಟಿಕೊಳ್ಳುತ್ತದೆ. ಎರಡು ಮೂರು ಬಗೆಯದನ್ನು ನಿಜವಾದ ಹಳ್ಳದಲ್ಲೇ ಮುಳುಗಿಸಿ ನೋಡಿ. ಕಣಕಾಲಿನ ಸುತ್ತ, ನಾಲಿಗೆಯೊಳಗೆ ಸ್ಪಂಜ್ ಜಾಸ್ತಿ ತುಂಬಬೇಡಿ, ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ. ಒಣ ಶೂ ತೂಗಿ, ಮುಳುಗಿಸಿ ತೆಗೆದು ಐದು ನಿಮಿಷ ಬಿಟ್ಟು ಮತ್ತೆ ತೂಗಿ. ಎಷ್ಟು ನೀರು ಉಳಿಯಿತು ಅಂತ ತಕ್ಕಡಿಯೇ ಹೇಳುತ್ತದೆ.

ಬಂಡೆ ಹತ್ತುವವರೊಬ್ಬರು:
ಅಟ್ಟೆ ಬಗ್ಗೆ ನನ್ನ ಅನುಭವ. ಆಳವಾದ ಹಲ್ಲು ಕೆಸರಿಗೆ ಒಳ್ಳೆಯದು. ನುಣ್ಣನೆಯ ಒದ್ದೆ ಕಲ್ಲಿನ ಮೇಲೆ ಹಲ್ಲಿನ ತುದಿಗಳಷ್ಟೇ ತಾಗುತ್ತವೆ, ಹಿಡಿತ ಸಿಗುವುದಿಲ್ಲ. ಅಲ್ಲಿ ಬೇಕಾದ್ದು ಮೆತ್ತನೆಯ ರಬ್ಬರ್. ಅದು ಕಲ್ಲಿನ ಸಣ್ಣ ಸಣ್ಣ ಉಬ್ಬುತಗ್ಗಿಗೆ ಕೂತುಕೊಳ್ಳುತ್ತದೆ. ಬೇಗ ಸವೆಯುತ್ತದೆ ನಿಜ, ಆದರೂ ನಾನು ಮೆತ್ತನೆಯದನ್ನೇ ಆರಿಸುತ್ತೇನೆ. ಹೆಬ್ಬೆರಳ ಕೆಳಗೆ ಚಪ್ಪಟೆ ಜಾಗ ಬಿಡಿ, ಹಿಮ್ಮಡಿಗೆ ಹಲ್ಲು ಕೊಡಿ. ಇಳಿಜಾರಿನ ಕೆಸರಿಗೆ ಅದು ಬೇಕು.

ಹಲ್ಲಿನ ರಬ್ಬರ್ ಅಟ್ಟೆಯನ್ನು 1937ರಲ್ಲಿ ಇಟಲಿಯ ವಿತಾಲೆ ಬ್ರಾಮಾನಿ ತಂದರು. ಅದಕ್ಕೆ ಎರಡು ವರ್ಷ ಹಿಂದೆ ಆಲ್ಪ್ಸ್‌ನಲ್ಲಿ ಅವರ ಜೊತೆಗಾರರು ಆರು ಜನ ತೀರಿಹೋಗಿದ್ದರು. ಆಗೆಲ್ಲ ಚರ್ಮದ ಅಟ್ಟೆಗೆ ಮೊಳೆ ಹೊಡೆದು ಹತ್ತುತ್ತಿದ್ದರು. ಆ ಅಟ್ಟೆ ಹುಟ್ಟಿದ್ದು ಆಲ್ಪ್ಸ್‌ನ ಬಂಡೆ, ಹಿಮಕ್ಕೆ. ನಮ್ಮ ತೊಂದರೆ ಹಾವಸೆ, ಅಲ್ವಾ? ದಪ್ಪ ಹಾವಸೆ ಮೇಲೆ ಯಾವ ರಬ್ಬರೂ ಪೂರ್ತಿ ನಿಲ್ಲುವುದಿಲ್ಲ. ಜಪಾನಿನಲ್ಲಿ ತೊರೆಯೊಳಗೇ ಬೆಟ್ಟ ಹತ್ತುವವರು ಇದಕ್ಕೆ ಫೆಲ್ಟ್ ಅಟ್ಟೆ, ಅಂದರೆ ನಾರನ್ನು ಒತ್ತಿ ಮಾಡಿದ ದಪ್ಪ ಬಟ್ಟೆಯ ಅಟ್ಟೆ ಹಾಕುತ್ತಾರೆ. ಹಾವಸೆಯಲ್ಲಿ ಅದು ಚೆನ್ನಾಗಿ ಹಿಡಿಯುತ್ತದೆ, ಒದ್ದೆ ಹುಲ್ಲು, ಕೆಸರಿನಲ್ಲಿ ಜಾರುತ್ತದೆ. ಒಣಗುವುದೂ ನಿಧಾನ, ಒಂದು ತೊರೆಯ ಜೀವಿಗಳನ್ನು ಇನ್ನೊಂದಕ್ಕೆ ಹೊತ್ತೊಯ್ಯುತ್ತದೆ. ನ್ಯೂಜಿಲೆಂಡ್ 2008ರಲ್ಲಿ ಮೀನು ಹಿಡಿಯುವವರಿಗೆ ಫೆಲ್ಟ್ ಅಟ್ಟೆ ನಿಷೇಧಿಸಿದ್ದು ಇದೇ ಕಾರಣಕ್ಕೆ. ಹುಲ್ಲುಗಾವಲು ದಾಟಿ ಹಳ್ಳಕ್ಕೆ ಇಳಿಯುವ ನಮ್ಮ ದಾರಿಗಳಿಗೆ ಅದು ಬೇಡ.

ಶೃಂಗೇರಿ ಕಡೆಯವರೊಬ್ಬರು:
ಕಿಂಡಿ ಇಡಿ ಅಂದರಲ್ಲ, ಇಂಬಳ (ಕಾಡಿನ ಜಿಗಣೆ) ಬಂದರೆ? ಅದು ದಾರದಷ್ಟು ತೆಳ್ಳಗಾಗಿ ಲೇಸಿನ ತೂತಲ್ಲೂ ನುಗ್ಗುತ್ತದೆ. ಶೂ ಒಂದರಿಂದಲೇ ಅದನ್ನು ತಡೆಯಲು ಆಗದು. ಮೊಣಕಾಲಿನವರೆಗೆ ಬರುವ, ಒತ್ತಾಗಿ ನೇಯ್ದ ಬಟ್ಟೆಯ ಇಂಬಳದ ಸಾಕ್ಸ್ ಬೇಕೇ ಬೇಕು. ಅದನ್ನು ಹಾಕಿಸಿಯೇ ಪಾದದ ಅಳತೆ ತೆಗೆಯಿರಿ. ಇಲ್ಲದಿದ್ದರೆ ಇಳಿಯುವಾಗ ಬೆರಳು ಮುಂದೆ ಗುದ್ದಿ ಉಗುರು ಕಪ್ಪಾಗುತ್ತದೆ. ನಾಲಿಗೆಯ ಎರಡೂ ಅಂಚನ್ನು ಮೇಲಿನವರೆಗೆ ಹೊಲಿದುಬಿಡಿ, ಕಲ್ಲಿನ ಚೂರು ಒಳಗೆ ಬೀಳುವುದಿಲ್ಲ.

ಇನ್ನೊಂದು ಮಾತು. ಬರೀ ಅಂಟು ನಂಬಬೇಡಿ. ನನ್ನ ಒಂದು ಜೊತೆಯ ಅಟ್ಟೆ ಕಾಡಿನ ನಡುವೆ ಬಾಯಿಬಿಟ್ಟಿತು. ಬಳ್ಳಿ ಕಟ್ಟಿಕೊಂಡು ಏಳು ಕಿಲೋಮೀಟರ್ ನಡೆದು ಬಂದೆ. ಸುತ್ತ ಹೊಲಿಗೆ ಹಾಕಿ, ಅದೂ ನೈಲಾನ್ ದಾರದಲ್ಲಿ. ಹತ್ತಿ ದಾರ ಒದ್ದೆಯಲ್ಲಿ ಕೊಳೆಯುತ್ತದೆ. ಪಾಲಿಯುರೆಥೇನ್ ಮಧ್ಯದ ಪದರ ನಮ್ಮ ಹವೆಯಲ್ಲಿ ಸುಮ್ನೆ ಇಟ್ಟಿದ್ದರೂ ಕೆಲವು ವರ್ಷಕ್ಕೆ ಪುಡಿಯಾಗುತ್ತದೆ. ಅದರ ಬದಲು ಇವಿಎ ಅನ್ನುವ ಹಗುರ ಫೋಮ್ ವಾಸಿ. ಊರಿನ ಚಪ್ಪಲಿ ಹೊಲಿಯುವವರು ಬಿಚ್ಚಿ ರಿಪೇರಿ ಮಾಡುವ ಹಾಗಿರಲಿ.

ಕೇಳಿದವರು:
ತುಂಬಾ ಧನ್ಯವಾದ. ವಾಟರ್‌ಪ್ರೂಫ್ ಪದರ ತೆಗೆದೆ. ಎರಡು ಬಗೆಯ ಜಾಲರಿ ಹಾಕಿ 8ನೇ ಅಳತೆಯ ಜೊತೆ ಮಾಡುತ್ತೇನೆ. ಹಾಕಿ ನೋಡಲು ಯಾರಾದರೂ ಸಿದ್ಧರಿದ್ದೀರಾ?

ಶೃಂಗೇರಿ ಕಡೆಯವರು:
ನನ್ನದು 8. ಜುಲೈನಲ್ಲಿ ಬನ್ನಿ, ಮನೆ ಹಿಂದೆಯೇ ಹಳ್ಳ ಇದೆ.