ಕ್ರಷರ್ ಧೂಳಿನಿಂದ ತಂದೆ ತೀರಿಕೊಂಡರು, ಪರಿಹಾರಕ್ಕೆ ಎಲ್ಲಿಂದ ಶುರು ಮಾಡುವುದು?

ಕಾರ್ಕಳದವ:
ತಂದೆ ಕಾರ್ಕಳ ಕಡೆಯ ಎರಡು ಜಲ್ಲಿ ಕ್ರಷರ್‌ಗಳಲ್ಲಿ ಒಟ್ಟು 19 ವರ್ಷ ದುಡಿದವರು. 2025ರ ಜುಲೈಯಲ್ಲಿ ತೀರಿಕೊಂಡರು, ವಯಸ್ಸು 60. ಎರಡು ಸಲ ಟಿಬಿ ಮದ್ದಿನ ಕೋರ್ಸ್ ಮುಗಿಸಿದ್ದರು, ಕಫದಲ್ಲಿ ಒಮ್ಮೆಯೂ ಟಿಬಿ ಸಿಕ್ಕಿರಲಿಲ್ಲ. ಕೊನೆಯ ಸಿಟಿ ಸ್ಕ್ಯಾನ್ ರಿಪೋರ್ಟಿನಲ್ಲಿ 'ಸಿಲಿಕೋಸಿಸ್ (ಕಲ್ಲಿನ ಧೂಳು ಶ್ವಾಸಕೋಶಕ್ಕೆ ಸೇರಿ ಬರುವ ಕಾಯಿಲೆ) ಇರಬಹುದು' ಅಂತ ಉಂಟು. ಆದರೆ ಮರಣದ ಕಾರಣದಲ್ಲಿ 'ಹೃದಯ, ಉಸಿರಾಟ ಸ್ತಂಭನ' ಅಂತ ಮಾತ್ರ ಬರೆದಿದ್ದಾರೆ. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇರಲಿಲ್ಲ. ಸಂಬಳ ವಾರವಾರ ನಗದು. ನನಗೆ 31 ವರ್ಷ, ಕೇಸ್ ನಾನು ಹಾಕಬಹುದಾ?

ಎದೆರೋಗ_ಓಪಿಡಿ:
ಮೊದಲು ಆಸ್ಪತ್ರೆ ದಾಖಲೆ ತೆಗೆದುಕೊಳ್ಳಿ, ತಡ ಮಾಡಬೇಡಿ. ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಮಾತ್ರ ಇಟ್ಟುಕೊಳ್ಳಬೇಕೆಂದು ವೈದ್ಯರ ನಿಯಮ. ಬರವಣಿಗೆಯಲ್ಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಡಿಸ್ಚಾರ್ಜ್ ಸಮರಿ ಒಂದೇ ಸಾಲದು. ಎಕ್ಸ್‌ರೇ ಫಿಲ್ಮ್, ಸಿಟಿಯ ಸಿಡಿ, ಪ್ರತಿಯೊಂದು ಕಫ ಪರೀಕ್ಷೆಯ ಫಲಿತಾಂಶ ಬೇಕು. ಕೊನೆಯ ಸ್ಕ್ಯಾನಿಗಿಂತ ಹಳೇ ಎಕ್ಸ್‌ರೇಗೇ ಬೆಲೆ ಜಾಸ್ತಿ: ಶ್ವಾಸಕೋಶದ ಮೇಲ್ಭಾಗದ ಸಣ್ಣ ಗಂಟುಗಳು ಟಿಬಿ ಮದ್ದಿಗೂ ಕರಗದೆ ವರ್ಷದಿಂದ ವರ್ಷಕ್ಕೆ ಹೆಚ್ಚಿದ್ದು ಅದರಲ್ಲೇ ಕಾಣುವುದು. ಎಲ್ಲವನ್ನೂ ಒಬ್ಬ ಎದೆರೋಗ ತಜ್ಞರಿಗೆ ತೋರಿಸಿ, ಐಎಲ್‌ಒ ವರ್ಗೀಕರಣದ (ಧೂಳಿನ ಕಾಯಿಲೆಯ ಎಕ್ಸ್‌ರೇ ಓದಲು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮಾಡಿದ ಕ್ರಮ) ಪ್ರಕಾರ ಓದಿಸಿ, ಕೆಲಸದ ವಿವರ ಸಮೇತ ಅಭಿಪ್ರಾಯ ಪತ್ರ ಬರೆಸಿಕೊಳ್ಳಿ. ಕಲ್ಲು ಸುರಿಯುವಲ್ಲಿ ಇದ್ದರೋ, ಜರಡಿ ಹತ್ತಿರವೋ, ನೀರು ಚಿಮುಕಿಸುತ್ತಿದ್ದರೋ ಇಲ್ಲವೋ, ಇವೆಲ್ಲ ಅದರಲ್ಲಿ ಬರಲಿ. ಮುಖಕ್ಕೆ ಬೈರಾಸು (ಟವೆಲ್) ಕಟ್ಟುತ್ತಿದ್ದರು ಅಂತ ಎದುರಿನವರು ಹೇಳಿಯಾರು. ಕಣ್ಣಿಗೆ ಕಾಣುವ ಧೂಳು ಮೂಗಲ್ಲೇ ನಿಲ್ಲುತ್ತದೆ. ಕೊಲ್ಲುವುದು ಕಾಣದ ಧೂಳು, ಅದಕ್ಕೆ ಬೈರಾಸು ಎಂತ ಲೆಕ್ಕ?

ಟಿಬಿ ಚಿಕಿತ್ಸೆಯನ್ನು ಮುಚ್ಚಿಡಬೇಡಿ. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬೇಗ ಹಿಡಿಯುತ್ತದೆ, ಎರಡೂ ಸೇರಿದ ಸಿಲಿಕೋ-ಟಿಬಿಯೂ ಪರಿಹಾರ ಕಾಯ್ದೆಯ ಕಾಯಿಲೆಗಳ ಪಟ್ಟಿಯಲ್ಲಿ ಉಂಟು. 'ಸ್ತಂಭನ' ಎಂಬುದು ಸಾಯುವ ರೀತಿ, ಕಾರಣ ಅಲ್ಲ. ಫಾರ್ಮ್ 4ರಲ್ಲಿ (ಆಸ್ಪತ್ರೆಯವರು ಮರಣದ ಕಾರಣ ಬರೆಯುವ ಪ್ರಮಾಣಪತ್ರ) ಮೂಲ ಕಾಯಿಲೆ ಬರೆಯಲು ಬೇರೆ ಸಾಲುಗಳಿವೆ. ತಿದ್ದಿಸಲು ಅರ್ಜಿ ಕೊಡಿ, ಆಗದಿದ್ದರೆ ಅಭಿಪ್ರಾಯ ಪತ್ರದ ಬಲದಲ್ಲೇ ಮುಂದೆ ಹೋಗಿ.

ಕೋರ್ಟ್‌ಗುಡ್ಡೆ:
ನೀವಲ್ಲ, ನಿಮ್ಮ ಅಮ್ಮ ಅರ್ಜಿದಾರರಾಗಬೇಕು. ಗಟ್ಟಿಮುಟ್ಟಾದ ವಯಸ್ಕ ಮಗ ಕಾನೂನಿನ ಲೆಕ್ಕದಲ್ಲಿ 'ಅವಲಂಬಿತ' ಅಲ್ಲ. ಮಗನ ಹೆಸರಲ್ಲೇ ಹಾಕಿ ಎಡವುವವರು ಬಹಳ.

ಮರಣ 2025ರ ಜುಲೈಯಲ್ಲಿ, ಹೊಸ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬರುವ ಮೊದಲೇ ಆದ ಕಾರಣ 1923ರ ನೌಕರರ ಪರಿಹಾರ ಕಾಯ್ದೆಯಡಿ ಹೋಗಿ. ಮರಣದಿಂದ 2 ವರ್ಷದೊಳಗೆ, ಅಮ್ಮ ವಾಸಿಸುವ ಪ್ರದೇಶದ ನೌಕರರ ಪರಿಹಾರ ಕಮಿಷನರ್ ಮುಂದೆಯೇ ಹಾಕಬಹುದು. ಸಿಲಿಕೋಸಿಸ್ ಆ ಕಾಯ್ದೆಯ 3ನೇ ಅನುಸೂಚಿಯ (ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿ) 'ಸಿ' ಭಾಗದಲ್ಲಿದೆ, ಅದರಲ್ಲಿ ಒಬ್ಬರಿಗಿಂತ ಹೆಚ್ಚು ಮಾಲೀಕರ ಬಳಿ ದುಡಿದದ್ದೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಇಬ್ಬರು ಮಾಲೀಕರನ್ನೂ ಸೇರಿಸಿ, ಯಾರ ಪಾಲು ಎಷ್ಟು ಅಂತ ಕಮಿಷನರೇ ಹಂಚುತ್ತಾರೆ. ಒಬ್ಬರನ್ನೇ ಎಳೆದರೆ ಅವರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಲೆಕ್ಕ ಹೀಗೆ: ತಿಂಗಳ ಸಂಬಳದ ಅರ್ಧ × ವಯಸ್ಸಿನ ಗುಣಕ. ಸಂಬಳ ಎಷ್ಟಿದ್ದರೂ 15,000ದವರೆಗೆ ಮಾತ್ರ ಹಿಡಿಯುತ್ತಾರೆ. 60ಕ್ಕೆ ಗುಣಕ 117.41, ಅಂದರೆ 7,500 × 117.41 = 8,80,575 ರೂ. ಅದರ ಮೇಲೆ ಶೇ. 12 ಬಡ್ಡಿ ಕೇಳಿ.

ಕಾರ್ಕಳದವ:
ಒಬ್ಬ ಮಾಲೀಕರು 50 ಸಾವಿರ ಕೊಡುತ್ತೇನೆ, ಸ್ಟಾಂಪ್ ಪೇಪರಿಗೆ ಅಮ್ಮನ ಸಹಿ ಹಾಕಿಸಿ ಅಂತಿದ್ದಾರೆ. ಕೆಲಸ ಮಾಡಿದ್ದಕ್ಕೆ ಕಾಗದವೇ ಇಲ್ಲದಾಗ ಬಿಟ್ಟುಬಿಡುವುದು ಒಳ್ಳೆಯದಾ?

ಕೋರ್ಟ್‌ಗುಡ್ಡೆ:
ಸಹಿ ಬೇಡ ಮಾರಾಯ್ರೆ. ಮರಣದ ಪರಿಹಾರವನ್ನು ಕಮಿಷನರ್ ಬಳಿಯೇ ಠೇವಣಿ ಇಡಬೇಕು. ಹಕ್ಕು ಬಿಟ್ಟುಕೊಟ್ಟೆ ಅನ್ನುವ ಕರಾರು ಕಾನೂನಿನಲ್ಲಿ ನಿಲ್ಲುವುದಿಲ್ಲ, ಆದರೆ ಕೇಸನ್ನು ಎಳೆದಾಡಿಸಲು ಅವರಿಗೊಂದು ನೆಪ ಆಗುತ್ತದೆ.

ಜೊತೆಗಿದ್ದ ಇಬ್ಬರು ಮೂವರಿಂದ ಅಫಿಡವಿಟ್ ಮಾಡಿಸಿ. ಈಗ ಅಲ್ಲೇ ದುಡಿಯುವವರು ಹೆದರುತ್ತಾರೆ, ಬಿಟ್ಟು ಬಂದವರನ್ನು ಹುಡುಕಿ. ಟಿಬಿ ಚಿಕಿತ್ಸಾ ಕಾರ್ಡಿನಲ್ಲಿ ಉದ್ಯೋಗ 'ಕ್ರಷರ್' ಅಂತ ಬರೆದಿದ್ದರೆ ಅದು ಚಿನ್ನ: ಜಗಳ ಶುರುವಾಗುವ ಮೊದಲೇ ಬರೆದದ್ದು. ಕ್ರಷರಿನ ಲೈಸೆನ್ಸ್ ಮತ್ತು ಮಾಲೀಕರ ಹೆಸರಿಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ತಲಾ 10 ರೂಪಾಯಿಯ ಆರ್‌ಟಿಐ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು. ವಕೀಲರ ಫೀಸಿಗೆ ಹೆದರಬೇಡಿ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಉಂಟು, ಅಮ್ಮನಿಂದ 15100ಕ್ಕೆ ಫೋನ್ ಮಾಡಿಸಿ.