ಹೊಟ್ಟೆ ಸ್ಕ್ಯಾನಿಂಗ್‌ಗೆ ಮೊದಲು ಬೆಲ್ಲದ ಕಾಫಿ ಕುಡಿಯಬಹುದಾ?

ನಾಪೋಕ್ಲಿನಿಂದ ಪ್ರಶ್ನೆ:
ಅವ್ವನಿಗೆ ಊಟವಾದ ಮೇಲೆ ಬಲಗಡೆ ಪಕ್ಕೆಯ ಕೆಳಗೆ ನೋವು. ಪಂದಿ ಕರಿ ತಿಂದ ರಾತ್ರಿಯಂತೂ ನಿದ್ದೆಯೇ ಇಲ್ಲ. ಡಾಕ್ಟರ್ ಹೊಟ್ಟೆ ಸ್ಕ್ಯಾನಿಂಗ್ (ಅಲ್ಟ್ರಾಸೌಂಡ್) ಬರೆದಿದ್ದಾರೆ, ಮಡಿಕೇರಿಗೆ ಹೋಗಬೇಕು. ಖಾಲಿ ಹೊಟ್ಟೆ ಅಂದರೆ ಬೆಲ್ಲದ ಕಾಫಿಯೂ ಬೇಡವಾ? ಅವ್ವನಿಗೆ ಶುಗರ್ ಬೇರೆ ಇದೆ. ಎಕ್ಸ್‌ರೇ ತರಹ ಇದರಲ್ಲೂ ರೇಡಿಯೇಶನ್ ಇರುತ್ತಾ? ಗೊತ್ತಿದ್ದವರು ಹೇಳಿ.

ಸೋಮವಾರಪೇಟೆಯಿಂದ:
ಬೆಳಗ್ಗೆ ಮೊದಲ ಹೊತ್ತಿಗೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಶುಗರ್ ಇರುವವರನ್ನು ಮಧ್ಯಾಹ್ನದವರೆಗೆ ಉಪವಾಸ ಕೂರಿಸಬಾರದು. ಆ ದಿನದ ಮಾತ್ರೆ ಅಥವಾ ಇನ್ಸುಲಿನ್ ಏನು ಮಾಡಬೇಕು ಅಂತ ಹಿಂದಿನ ದಿನವೇ ಡಾಕ್ಟರನ್ನು ಕೇಳಿ. ಸ್ಕ್ಯಾನ್ ಮುಗಿದ ಕೂಡಲೇ ತಿನ್ನಲು ಏನಾದರೂ ಬ್ಯಾಗಿನಲ್ಲಿರಲಿ.

ಮಡಿಕೇರಿಯಿಂದ, ಸ್ಕ್ಯಾನಿಂಗ್ ವಿಭಾಗದಲ್ಲಿ ಕೆಲಸ ಮಾಡುವವಳು:
ಕಾಫಿ ಬೇಡ ಅಕ್ಕ, ಹಾಲಿಲ್ಲದ್ದೂ ಬೇಡ. ಕೊಡಗಿನವರಿಗೆ ಇದು ದೊಡ್ಡ ಶಿಕ್ಷೆ, ಗೊತ್ತು! ಆದರೆ ಏನಾದರೂ ತಿಂದರೆ ಲಿವರ್ ಕೆಳಗಿರುವ ಪುಟ್ಟ ಚೀಲ, ಪಿತ್ತಕೋಶ, ಮುದುಡಿ ಪಿತ್ತರಸ ಖಾಲಿ ಮಾಡುತ್ತದೆ. ಕಾಫಿಗೂ ಅದು ಮುದುಡುತ್ತದೆ. ತುಂಬಿಕೊಂಡಿದ್ದರೆ ಮಾತ್ರ ಒಳಗಿನ ಕಲ್ಲು ಚೆನ್ನಾಗಿ ಕಾಣುವುದು. ಅದಕ್ಕೇ 6ರಿಂದ 8 ಗಂಟೆ ಖಾಲಿ ಹೊಟ್ಟೆ. ಬರೀ ನೀರು ಕುಡಿಯಬಹುದು.

ರೇಡಿಯೇಶನ್ ಇಲ್ಲ, ಇದು ಬರೀ ಶಬ್ದ. ನಮ್ಮ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ಹೊಟ್ಟೆ ನೋಡಲು ಬಳಸುವುದು ಸುಮಾರು 2ರಿಂದ 5 ಮೆಗಾಹರ್ಟ್ಸ್, ಅಂದರೆ ಲಕ್ಷಗಟ್ಟಲೆ ಹರ್ಟ್ಸ್. ಡಾಕ್ಟರ್ ಹೊಟ್ಟೆಯ ಮೇಲೆ ಆಡಿಸುವ ಪ್ರೋಬ್‌ನಲ್ಲಿರುವ ಹರಳುಗಳು ಕರೆಂಟ್ ಕೊಟ್ಟಾಗ ಕಂಪಿಸಿ ಶಬ್ದ ಕಳಿಸುತ್ತವೆ. ಅಂಗಾಂಗಗಳಿಗೆ ತಗುಲಿ ವಾಪಸ್ ಬಂದ ಶಬ್ದವನ್ನು ಅವೇ ಹಿಡಿಯುತ್ತವೆ. ದೇಹದೊಳಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ವಾಪಸ್ ಬರಲು ಹಿಡಿದ ಸಮಯದಿಂದ ಆಳ ಲೆಕ್ಕ ಹಾಕಿ ಮೆಷಿನ್ ಚಿತ್ರ ಬರೆಯುತ್ತದೆ. ಗಾಳಿ ಅಡ್ಡ ಬಂದರೆ ಶಬ್ದ ಒಳಗೆ ಹೋಗುವುದೇ ಇಲ್ಲ, ಅದಕ್ಕೇ ಆ ತಣ್ಣಗಿನ ಜೆಲ್.

‘ಉಸಿರು ಎಳೆದು ಹಿಡಿಯಿರಿ’ ಅಂದಾಗ ಅವ್ವ ಗಾಬರಿಯಾಗುವುದು ಬೇಡ. ಉಸಿರು ಎಳೆದರೆ ಲಿವರ್ ಪಕ್ಕೆಲುಬಿನ ಕೆಳಗೆ ಇಳಿದು ಕಾಣಲು ಸಿಗುತ್ತದೆ. ಮಗ್ಗುಲು ತಿರುಗಿಸುವುದೂ ಸುಮ್ನೆ ಅಲ್ಲ. ಕಲ್ಲಾದರೆ ಸಾಮಾನ್ಯವಾಗಿ ಜಾಗ ಬದಲಿಸುತ್ತದೆ, ಹಿಂದೆ ಕಪ್ಪು ನೆರಳು ಬೀಳುತ್ತದೆ. ಪಾಲಿಪ್, ಅಂದರೆ ಒಳಗೋಡೆಗೆ ಅಂಟಿಕೊಂಡು ಬೆಳೆದ ಸಣ್ಣ ಗಂಟು, ಅಲುಗುವುದಿಲ್ಲ.

ಗೋಣಿಕೊಪ್ಪದಿಂದ:
ಚೀಟಿಯಲ್ಲಿ ಕೆಳಹೊಟ್ಟೆಯೂ ಇದ್ದರೆ ಮೂತ್ರ ತುಂಬಿರಬೇಕು ಅನ್ನುತ್ತಾರೆ. ತುಂಬಿದ ಮೂತ್ರಚೀಲ ಕರುಳನ್ನು ಪಕ್ಕಕ್ಕೆ ಸರಿಸುತ್ತದಂತೆ. ಆದರೆ ಮನೆಯಲ್ಲೇ ನೀರು ಕುಡಿದು ನಮ್ಮ ತಿರುವು ರಸ್ತೆಯಲ್ಲಿ ಬಸ್ಸಿನಲ್ಲಿ ಹೊರಡಬೇಡಿ ಮಾರಾಯ್ರೆ! ಅಲ್ಲಿ ತಲುಪಿ, ಸರದಿ ಎಷ್ಟು ಹೊತ್ತಿಗೆ ಅಂತ ಕೇಳಿ, ಆಮೇಲೆ ಕುಡಿಸಿ.

ವಿರಾಜಪೇಟೆಯಿಂದ:
ನಮ್ಮ ಅತ್ತೆಯ ಸ್ಕ್ಯಾನ್‌ನಲ್ಲಿ ಎಲ್ಲ ನಾರ್ಮಲ್ ಬಂತು, ನೋವು ಮಾತ್ರ ಹೋಗಲಿಲ್ಲ. ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿ ಮಾಡಿದಾಗ ಜಠರದಲ್ಲಿ ಹುಣ್ಣು ಸಿಕ್ಕಿತು. ಜಠರ, ಕರುಳಿನಲ್ಲಿ ಗಾಳಿ ಇರುವುದರಿಂದ ಒಳಗಿನ ಹುಣ್ಣು ಈ ಸ್ಕ್ಯಾನ್‌ಗೆ ಸಾಮಾನ್ಯವಾಗಿ ಸಿಗುವುದಿಲ್ಲವಂತೆ. ಹಾಗಾಗಿ ರಿಪೋರ್ಟ್ ಚೆನ್ನಾಗಿದೆ ಅಂತ ಡಾಕ್ಟರಿಗೆ ತೋರಿಸದೆ ಬಿಡಬೇಡಿ.

ಕುಶಾಲನಗರದಿಂದ:
ಹೊರಡುವ ಮುಂಚೆ ಫೋನ್ ಮಾಡಿ. ಸ್ಕ್ಯಾನ್ ಮಾಡುವ ಡಾಕ್ಟರ್ ಎಲ್ಲ ಕಡೆ ದಿನಾ ಇರುವುದಿಲ್ಲ. ಹಳೇ ರಿಪೋರ್ಟ್ ಇದ್ದರೆ ಜೊತೆಗಿರಲಿ, ಜೆಲ್ ಒರೆಸಲು ಒಂದು ಟವೆಲ್ ಕೂಡ.