ಲಿವರ್ ಕ್ಯಾನ್ಸರ್‌ಗೆ ಸೆಲೆನಿಯಂ, ಜಿಂಕ್, ಐರನ್ ಮಾತ್ರೆ ಕೊಡ್ಬೋದಾ? ಅನುಭವ ಇರೋರು ಹೇಳಿ

ಮಾಲೂರಿಂದ ಕೇಳಿದ್ದು:
ನಮ್ಮಪ್ಪಂಗೆ 61 ವರ್ಷ. ಹೆಪಟೈಟಿಸ್ ಬಿ ಇದ್ದಿದ್ದು ಗೊತ್ತೇ ಇರ್ಲಿಲ್ಲ, ಈಗ ಲಿವರಲ್ಲಿ ಗಡ್ಡೆ ಅಂತಿದಾರೆ, ಮುಂದಿನ ವಾರ ಟ್ರೀಟ್‌ಮೆಂಟ್ ಶುರು. ನೆಂಟ್ರೊಬ್ರು ಸೆಲೆನಿಯಂ, ಜಿಂಕ್, ಐರನ್ ಮೂರೂ ಕೊಟ್ರೆ ಗಡ್ಡೆ ಕರಗುತ್ತೆ ಅಂತ ಡಬ್ಬಿ ತಂದುಕೊಟ್ಟಿದಾರೆ. ಕೊಡ್ಲಾ ಬೇಡ್ವಾ?

ಶ್ರೀನಿವಾಸಪುರದಿಂದ:
ಮೊದ್ಲು ಆ ಐರನ್ ಡಬ್ಬಿ ಎತ್ತಿಡಪ್ಪ, ಮಿಕ್ಕಿದ್ದು ಆಮೇಲೆ. ನಮ್ಮಮ್ಮಂಗೆ ಸಿರೋಸಿಸ್, ಅಂದ್ರೆ ಲಿವರ್ ಗಾಯ ಕಟ್ಟಿ ಗಟ್ಟಿಯಾಗೋ ಕಾಯಿಲೆ ಆಗಿ ಅದರ ಮೇಲೆ ಗಡ್ಡೆ ಬಂದಿತ್ತು, ಮುಖ ಬಿಳಚ್ಕೊಂಡಿದೆ ರಕ್ತ ಇಲ್ಲ ಅಂತ ನಾನೇ ಮೆಡಿಕಲ್ ಸ್ಟೋರಿಂದ ಟಾನಿಕ್ ತಂದು ಎರಡು ತಿಂಗಳು ಕುಡಿಸ್ದೆ, ಯಾರನ್ನೂ ಕೇಳ್ಲಿಲ್ಲ, ಡಾಕ್ಟ್ರು ಮೈಯಲ್ಲಿ ಐರನ್ ಎಷ್ಟು ಕೂಡಿದೆ ಅಂತ ನೋಡೋ ಫೆರಿಟಿನ್ ಟೆಸ್ಟ್ ಬರೆದಾಗ 900 ದಾಟಿತ್ತು. ಇವರಿಗೆ ಐರನ್ ಕಮ್ಮಿ ಇಲ್ಲಮ್ಮ, ಲಿವರಲ್ಲೇ ತುಂಬ್ಕೊಂಡಿದೆ ಅಂದ್ರು. ಆ ಮಾತು ಇವತ್ತಿಗೂ ಚುಚ್ಚುತ್ತೆ ನಂಗೆ. ರಕ್ತ ಕಮ್ಮಿ ಅಂದ ತಕ್ಷಣ ಐರನ್ ಕಮ್ಮಿ ಅಂತಲ್ಲ, ಮೈಯಲ್ಲಿ ಅದು ಹೆಚ್ಚಾದ್ರೆ ಲಿವರ್ ಜೀವಕೋಶಗಳ ಡಿಎನ್‌ಎ ಕೆಡಿಸುತ್ತೆ. ಹೀಮೋಕ್ರೊಮಟೋಸಿಸ್ ಅಂತ ಹುಟ್ಟಿಂದ್ಲೇ ಐರನ್ ಜಾಸ್ತಿ ಹೀರ್ಕೊಳ್ಳೋ ಕಾಯಿಲೆ ಇದೆ, ಅದರಲ್ಲಿ ಸಿರೋಸಿಸ್ ಆದೋರಿಗೆ ಲಿವರ್ ಕ್ಯಾನ್ಸರ್ ಭಯ ತುಂಬಾ ಹೆಚ್ಚು.

ಸೆಲೆನಿಯಂ ವಿಷಯ, ನಿಮ್ಮ ನೆಂಟ್ರು ಪೂರ್ತಿ ಗಾಳಿಲಿ ಹೇಳಿಲ್ಲ. ಚೀನಾದ ಚಿಡಾಂಗ್ ಕಡೆ ಹೆಪಟೈಟಿಸ್ ಬಿ ಜೊತೆಗೆ ಜೋಳದಲ್ಲಿ ಬೂಷ್ಟಿನ ವಿಷ ಸೇರಿ ಲಿವರ್ ಕ್ಯಾನ್ಸರ್ ತುಂಬಾ ಇತ್ತು, 1980ರ ದಶಕದಲ್ಲಿ ಉಪ್ಪಿಗೇ ಸೆಲೆನಿಯಂ ಬೆರೆಸಿ ಕೊಟ್ರು, ಕಾಯಿಲೆ ಕಮ್ಮಿ ಆಯ್ತು ಅಂತ ವರದಿ ಬಂತು. ಆದ್ರೆ ಅದು ಬರದಂಗೆ ತಡೆಯೋಕೆ ನೋಡಿದ್ದು, ಬಂದಿರೋ ಗಡ್ಡೆ ಕರಗ್ಸೋಕೆ ಅಲ್ಲ, ಆ ಅಧ್ಯಯನಗಳು ಅಷ್ಟು ಗಟ್ಟಿ ಇಲ್ಲ ಅಂತ ಆಮೇಲೆ ಪರಿಶೀಲಿಸಿದೋರೂ ಹೇಳಿದಾರೆ. ಅಮೆರಿಕದಲ್ಲಿ 35,000ಕ್ಕೂ ಹೆಚ್ಚು ಗಂಡಸರ ಮೇಲೆ ಪ್ರಾಸ್ಟೇಟ್ ಕ್ಯಾನ್ಸರ್ ತಡೆಯುತ್ತಾ ನೋಡೋಣ ಅಂತ ಸೆಲೆನಿಯಂ, ವಿಟಮಿನ್ ಇ ಪರೀಕ್ಷೆ ಮಾಡಿದ್ರು, ಲಾಭ ಕಾಣದೆ 2008ರಲ್ಲಿ ಮಾತ್ರೆ ನಿಲ್ಲಿಸಿದ್ರು. ದೊಡ್ಡೋರಿಗೆ ದಿನಕ್ಕೆ 55 ಮೈಕ್ರೋಗ್ರಾಂ ಸಾಕು, ಅಲ್ಲಿನ ಲೆಕ್ಕದಲ್ಲಿ 400 ಮೇಲಿನ ಮಿತಿ. ಜಾಸ್ತಿಯಾದ್ರೆ ಕೂದಲು ಉದುರುತ್ತೆ, ಉಗುರು ಪುಡಿಯಾಗುತ್ತೆ.

ಅಮ್ಮಂಗೆ ಕೊನೆಗೆ ಒಗ್ಗಿದ್ದು ಊಟನೇ. ಸಣ್ಣ ಮುದ್ದೆ, ಉಪ್ಪು ಕಮ್ಮಿ ಹಾಕಿದ ಬಸ್ಸಾರು, ಮೊಳಕೆ ಹೆಸರುಕಾಳು, ದಿನಾ ಮೊಟ್ಟೆ. ಕಾಳು ಮೊಳಕೆ ಕಟ್ಟಿದ್ರೆ ಜಿಂಕ್ ಮೈಗೆ ಚೆನ್ನಾಗಿ ಹತ್ತುತ್ತೆ. ಲಿವರ್ ಕಾಯಿಲೆ ಅಂತ ಮೊಟ್ಟೆ, ಬೇಳೆ ನಿಲ್ಲಿಸ್ಬಿಡ್ತಾರೆ ಜನ, ಹಂಗ್ ಮಾಡ್ಬೇಡಿ, ಮಾಂಸಖಂಡ ಕರಗಿ ಇನ್ನೂ ಸೋತೋಗ್ತಾರೆ. ರಾತ್ರಿ ಮಲಗೋ ಮುಂಚೆನೂ ಏನಾದ್ರೂ ಸ್ವಲ್ಪ ತಿನ್ಸಿ.

ಚಿಂತಾಮಣಿಯಿಂದ:
ಅಕ್ಕ ಹೇಳಿದ್ದು ಸರಿ, ಜಿಂಕ್ ಬಗ್ಗೆ ನಂದೊಂದು. ನಮ್ಮ ಮಾವಂಗೂ ಲಿವರಲ್ಲಿ ಗಡ್ಡೆ ಇತ್ತು, ಹಗಲೆಲ್ಲ ನಿದ್ದೆ, ಮಾತು ತೊದಲೋದು, ಮೊಮ್ಮಗನ ಹೆಸರೇ ಮರ್ತೋಗೋರು, ರಕ್ತದಲ್ಲಿ ಅಮೋನಿಯಾ ಏರಿದೆ ಅಂತ ಲ್ಯಾಕ್ಟುಲೋಸ್ ಸಿರಪ್ ಜೊತೆ ಜಿಂಕ್ ಬರೆದ್ರು, ಯಾಕಂದ್ರೆ ಸಿರೋಸಿಸ್ ಇರೋರಿಗೆ ಜಿಂಕ್ ಸಾಮಾನ್ಯವಾಗಿ ಕಮ್ಮಿ ಇರುತ್ತೆ, ಅಮೋನಿಯಾನ ಯೂರಿಯಾ ಮಾಡೋಕೆ ಲಿವರಿಗೆ ಅದು ಬೇಕು. ಮಾವ ಚೇತರಿಸ್ಕೊಂಡ್ರು, ಆದ್ರೆ ಗಡ್ಡೆ ಇದ್ದಂಗೇ ಇತ್ತು, ಅದಕ್ಕೆ ಬೇರೆ ಟ್ರೀಟ್‌ಮೆಂಟೇ ಆಯ್ತು. ಮಧ್ಯೆ ನಿಲ್ಲಿಸೋಕೂ ಹೇಳಿದ್ರು, ಜಿಂಕ್ ತುಂಬಾ ದಿನ ಜಾಸ್ತಿ ತಗೊಂಡ್ರೆ ತಾಮ್ರದ ಅಂಶ ಇಳಿದು ರಕ್ತನೇ ಕಮ್ಮಿ ಆಗುತ್ತಂತೆ.

ಪಾವಗಡದಿಂದ:
ನಮ್ಮದು ಕಡ್ಲೆಕಾಯಿ ಬೆಳೆಯೋ ಮನೆ. ಬೂಷ್ಟು ಹಿಡಿದಿರೋ ಬೀಜ ಆರಿಸಿ ಬಿಸಾಕಿ, ಹುರಿದ್ರೂ ಅಫ್ಲಾಟಾಕ್ಸಿನ್ ಅನ್ನೋ ಆ ಬೂಷ್ಟಿನ ವಿಷ ಪೂರ್ತಿ ಹೋಗಲ್ಲ, ಹೆಪಟೈಟಿಸ್ ಬಿ ಇರೋರಿಗೆ ಅದು ಇನ್ನೂ ಅಪಾಯ. ನೀವು, ಅಮ್ಮ, ಅಣ್ತಮ್ಮಂದಿರು ಎಲ್ಲರೂ ಈ ವಾರನೇ ಹೆಪಟೈಟಿಸ್ ಬಿ ಟೆಸ್ಟ್ ಮಾಡಿಸ್ಕೊಳ್ಳಿ, ಇಲ್ಲ ಅಂತ ಬಂದ್ರೆ ಆರು ತಿಂಗಳಲ್ಲಿ ಮೂರು ಡೋಸ್ ಲಸಿಕೆ ಹಾಕಿಸ್ಕೊಳ್ಳಿ.

ಮಾಲೂರಿಂದ:
ತುಂಬಾ ಥ್ಯಾಂಕ್ಸ್. ಐರನ್ ಎತ್ತಿಟ್ಟೆ ಅಕ್ಕ. ಸೆಲೆನಿಯಂ ಡಬ್ಬಿ ಮೇಲೆ ಒಂದು ಮಾತ್ರೆಗೆ 200 ಮೈಕ್ರೋಗ್ರಾಂ ಅಂತಿದೆ, ನೆಂಟ್ರು ಬೆಳಿಗ್ಗೆ ಒಂದು ರಾತ್ರಿ ಒಂದು ಕೊಡು ಅಂದಿದ್ರು.

ಶ್ರೀನಿವಾಸಪುರದಿಂದ:
ಅಲ್ಲಿಗೇ 400 ಆಯ್ತಲ್ಲಪ್ಪ, ಊಟದಲ್ಲಿ ಬರೋದು ಬೇರೆ. ಕೊಡ್ಬೇಡ. ಮೂರೂ ಡಬ್ಬಿ ಚೀಲಕ್ಕೆ ಹಾಕ್ಕೊಂಡು ಹೋಗಿ ಮುಂದಿನ ವಾರ ಡಾಕ್ಟ್ರ ಮೇಜಿನ ಮೇಲಿಡು, ಫೆರಿಟಿನ್, ಜಿಂಕ್ ಎರಡೂ ಟೆಸ್ಟ್ ಮಾಡ್ಬೇಕಾ ಅಂತ ಕೇಳು.